ಹತ್ತನೇ ತಾರೀಕಿನ ಸಂಬಳ

ನನ್ನ ಅಳಿಯನನ್ನು ಬೀದಿಯವರೆಲ್ಲ ಗಡಿಯಾರ ಎಂದೇ ಕರೆಯುತ್ತಾರೆ. ಬ್ಯಾಟರಿ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಸೀಸ ಕರಗಿಸಿದವನು, ಒಂದು ದಿನವೂ ತಡವಾಗಿ ಹೋದವನಲ್ಲ. ಅವನು ಮೂಲೆ ತಿರುಗಿದ್ದು ನೋಡಿಯೇ ಎದುರಿನ ದರ್ಜಿ ಅಂಗಡಿ ತೆರೆಯುತ್ತಿದ್ದ.

ಸೀಸ ರಕ್ತಕ್ಕೆ ಸೇರಿದೆ ಎಂದು ಡಾಕ್ಟರು ಹೇಳಿದ ಮೇಲೆ ಆ ಕೆಲಸ ಬಿಡಬೇಕಾಯಿತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಸಿಕ್ಕಿತು. ಸಂಬಳ ಹಳೆಯದರ ಮೂರರಲ್ಲಿ ಎರಡು ಪಾಲು. ನಾವಿರುವ ಎರಡು ಕೋಣೆಯ ಮನೆ ಬ್ಯಾಂಕಿನ ಸಾಲದ್ದು. ಇನ್ನೂ ಒಂಬತ್ತು ವರ್ಷದ ಕಂತು ಬಾಕಿ ಇತ್ತು.

"ಬ್ಯಾಂಕಲ್ಲಿ ಒಂದು ಮಾತು ಹೇಳೋಣ್ವಾ?" ಎಂದಳು ಮಗಳು.

"ಹುಚ್ಚಾ ನಿಂಗೆ?" ಎಂದ ಅಳಿಯ. " ಸಂಬಳ ಇಳೀತು ಅಂತ ಗೊತ್ತಾದ್ರೆ ಪೂರ್ತಿ ಸಾಲ ಈಗ್ಲೇ ಕಟ್ಟು ಅಂತಾರೆ. ಮನೆ ಹೋಗುತ್ತೆ. ಬಾಯಿ ಬಿಡ್ಬೇಡ."

ಮೂವರೂ ಬಾಯಿಗೆ ಬೀಗ ಹಾಕಿಕೊಂಡೆವು. ಅಳಿಯ ನಮ್ಮ ಕಿಟಕಿಗೆ ಕಾಣುವ ಬ್ಯಾಂಕಿನ ರಸ್ತೆ ಬಿಟ್ಟು ಸುತ್ತು ಬಳಸಿ ಕೆಲಸಕ್ಕೆ ಹೋಗತೊಡಗಿದ. ಯಾರಾದರೂ ಬಾಗಿಲು ತಟ್ಟಿದರೆ ಅವನ ಕೈಯ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಒಮ್ಮೆ ನೀರಿನ ಮೀಟರು ನೋಡುವವನು ಬಂದಾಗ ಒಳಕೋಣೆಗೆ ಹೋಗಿ ನಿಂತುಬಿಟ್ಟ.

"ಏನು ಗಡಿಯಾರ, ಈಚೆಗೆ ಹಿಂದೆ ಓಡ್ತಿದೀಯಾ?" ಎಂದು ದರ್ಜಿ ನಕ್ಕರೆ ಇವನು ನಗಲಿಲ್ಲ.

ಖರ್ಚು ಕಡಿಮೆ ಮಾಡಿದೆವು. ಕಂತಿನಷ್ಟು ಉಳಿಯುತ್ತದೆಂದು ಎರಡು ಸಲ ಲೆಕ್ಕ ಹಾಕಿದೆವು. ತಾರೀಕು ಮಾತ್ರ ಯಾರೂ ನೋಡಲಿಲ್ಲ. ಕಾರ್ಖಾನೆ ಸಂಬಳ ಕೊಡುತ್ತಿದ್ದುದು ಒಂದಕ್ಕೆ, ಬ್ಯಾಂಕು ಕಂತು ಹಿಡಿಯುವುದು ಐದಕ್ಕೆ, ಕನ್ನಡಕದ ಅಂಗಡಿ ಕೊಡುವುದು ಹತ್ತಕ್ಕೆ. ಮೊದಲ ತಿಂಗಳು ಕಾರ್ಖಾನೆಯ ಕೊನೆಯ ಹಣ ಕಾಯಿತು. ಎರಡನೇ ತಿಂಗಳು ಕಂತು ತಪ್ಪಿತು. ಆರರ ಬೆಳಿಗ್ಗೆ ಕಂತು ಬಾಕಿ ಎಂದು ಫೋನಿಗೆ ಸಂದೇಶ ಬಂದಾಗ ಅವನು ಅದನ್ನು ನನ್ನ ಮುಂದೆ ಹಿಡಿದ.

"ಅತ್ತೆ, ನೀವೂ ಬನ್ನಿ. ನಾನೊಬ್ಬನೇ ಹೋದ್ರೆ ಮಾತೇ ಹೊರಡಲ್ಲ."

ಹೋದೆ. ಸಾಲದ ಮೇಜಿನ ಹೆಣ್ಣುಮಗಳು ಎಲ್ಲ ಕೇಳಿ ಪೆನ್ನು ಕೆಳಗಿಟ್ಟಳು.

"ಸಂಬಳ ಇಳಿದ್ರೆ ಪೂರ್ತಿ ಸಾಲ ಈಗ್ಲೇ ಕಟ್ಟಿ ಅಂತ ಯಾರೂ ಅನ್ನಲ್ಲ. ನಿಮ್ಮ ಸಾಲದ ಅಂಕ, ಅದೇ ಕ್ರೆಡಿಟ್ ಸ್ಕೋರ್, ಅದೂ ಇಳಿಯಲ್ಲ. ಅಂಕಕ್ಕೆ ಸಂಬಳ ಎಷ್ಟು ಅಂತಾನೇ ಗೊತ್ತಿರಲ್ಲ. ಕಂತು ತಪ್ಪಿದ್ರೆ ಇಳಿಯುತ್ತೆ. ಮೊದ್ಲೇ ಬಂದಿದ್ರೆ ತಾರೀಕು ಬದಲಾಯಿಸಿ ಕೊಡ್ತಿದ್ವಲ್ಲ!"

"ಮನೆ?" ಎಂದಷ್ಟೇ ಕೇಳಿದ ಅಳಿಯ.

"ಒಂದು ಕಂತಿಗೆ ಮನೆ ಯಾರೂ ಕಿತ್ಕೊಳ್ಳಲ್ಲ. ಮೂರು ತಪ್ಪಿದ್ರೆ ಮಾತು ಬೇರೆ."

ಕಂತು ಹನ್ನೆರಡನೇ ತಾರೀಕಿಗೆ ಹೋಯಿತು. ಸಣ್ಣದೂ ಆಯಿತು, ಆದರೆ ಒಂಬತ್ತು ವರ್ಷ ಹದಿಮೂರಾಯಿತು, ಬಡ್ಡಿಯೂ ಬೆಳೆಯಿತು. ಮೆಟ್ಟಿಲು ಇಳಿಯುವಾಗ ಅವನು ಸೀಸದಿಂದ ಸೋತ ಬೆರಳುಗಳನ್ನೇ ನೋಡಿಕೊಂಡ.

"ಅಲ್ಲೀವರೆಗೂ ಈ ಕೈ ಇರುತ್ತಾ, ಅತ್ತೆ?"

"ನಡಿಯಪ್ಪ, ಬಿಸಿಲು" ಎಂದೆ.

ಮುಂದಿನ ತಿಂಗಳು ಹತ್ತರಂದು ಅಂಗಡಿಯವನು ನಾಳೆ ಕೊಡುತ್ತೇನೆ ಎಂದ. ಹನ್ನೊಂದರ ಸಂಜೆ ಕೊಟ್ಟ. ಹನ್ನೆರಡರ ಬೆಳಿಗ್ಗೆ ಅಳಿಯ ಹೊಸ್ತಿಲ ಬಳಿ ಫೋನು ಹಿಡಿದು ಕೂತಿದ್ದ. ಫೋನು ಸದ್ದು ಮಾಡಿತು.

"ಹೋಯ್ತು, ಅತ್ತೆ. ಕಂತಿನ ದುಡ್ಡು ಸರಿಯಾಗಿ ಹೋಯ್ತು."

ಎದ್ದು ಚಪ್ಪಲಿ ಮೆಟ್ಟಿ, ಆ ದಿನ ಬ್ಯಾಂಕಿನ ರಸ್ತೆಯಲ್ಲೇ ಹೊರಟ. ಬ್ಯಾಂಕಿನ ಬಾಗಿಲ ಮುಂದೆ ಮಾತ್ರ ಅವನ ಹೆಜ್ಜೆ ಬಿರುಸಾದದ್ದನ್ನು ನಾನು ನಮ್ಮ ಕಿಟಕಿಯಿಂದಲೇ ಕಂಡೆ.