ನದಿಯ ಹಡಗು ಕೇಳಿದ ನೀರುಗಂಟಿ

ಅವರ ಕಾಲ್ಬೆರಳುಗಳು ಒಂದಕ್ಕೊಂದು ತಾಕುತ್ತಿರಲಿಲ್ಲ. ಐದೂ ಬೇರೆಬೇರೆಯಾಗಿ ಅಗಲಿಸಿಕೊಂಡು ನಿಂತಿರುತ್ತಿದ್ದವು. ಹೆಬ್ಬೆರಳಂತೂ ಪೂರ್ತಿ ಹೊರಕ್ಕೆ ತಿರುಗಿತ್ತು. ಗ್ರಾನೈಟ್ ಹಾಸಿದ ಮೆಟ್ಟಿಲ ಮೇಲೂ ಅವರು ಮೊದಲು ಬೆರಳೂರಿ, ಜಾರುವುದಿಲ್ಲವೆಂದು ಖಾತ್ರಿಯಾದ ಮೇಲೆ ಹಿಮ್ಮಡಿ ಇಡುತ್ತಿದ್ದರು. ಕೆಸರು ಬದುವಿನ ಮೇಲೆ ಆಯುಷ್ಯದ ಬಹುಭಾಗ ನಡೆದ ಪಾದ ಅದು. ಯಾವ ಚಪ್ಪಲಿಯೂ ಅದಕ್ಕೆ ಹೊಂದುತ್ತಿರಲಿಲ್ಲ. ಮಗ ಎಷ್ಟು ಒಳ್ಳೆಯದನ್ನು ತಂದುಕೊಟ್ಟರೂ ಅದು ಬಾಗಿಲ ಹೊರಗೆ ಹೊಸದಾಗಿಯೇ ಬಿದ್ದಿರುತ್ತಿತ್ತು.

ವರ್ತೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿರಿಯರು ಅವರು. ಬಾಡಿಗೆಯ ವ್ಯವಹಾರವೆಲ್ಲ ಮಗನದು. ಆತನನ್ನು ನಾವು ಓನರಣ್ಣ ಅನ್ನುತ್ತಿದ್ದೆವು. ಇವರನ್ನು ಮಾತ್ರ ಊರಿನವರಂತೆ ನಾನೂ ನೀರುಗಂಟಿ ತಾತ ಎಂದೇ ಕರೆಯುತ್ತಿದ್ದೆ. ಕೆರೆಯ ತೂಬು ತೆಗೆದು, ಕಾಲುವೆಗೆ ನೀರು ಬಿಟ್ಟು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಹಂಚುವುದು ಅವರ ಮನೆತನದ ಕೆಲಸ. ಆ ಕೆಲಸಕ್ಕೆಂದು ಊರು ಬಿಟ್ಟುಕೊಟ್ಟಿದ್ದ ತುಂಡು ಗದ್ದೆಯ ಮೇಲೆಯೇ ಈ ನಾಲ್ಕಂತಸ್ತಿನ ಮನೆ ಎದ್ದಿತ್ತು. ಕೆರೆಯಲ್ಲಿ ನೊರೆಯೇಳುವಂತಾಗಿ, ಗದ್ದೆಗಳು ಅಪಾರ್ಟ್‌ಮೆಂಟುಗಳಾಗಿ, ತೂಬು ತೆಗೆಯುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಹೆಸರು ಉಳಿದಿತ್ತು.

ನಾನು ದಾವಣಗೆರೆಯ ಕಡೆಯವಳು. ವೈಟ್‌ಫೀಲ್ಡಿನ ಒಂದು ಪ್ರವಾಸ ಕಂಪನಿಯಲ್ಲಿ ಕೆಲಸ. ಯುರೋಪಿಗೆ ಹೋಗುವವರು ನದಿಯ ಸಣ್ಣ ಹಡಗು ಹಿಡಿಯಬೇಕೋ ಸಮುದ್ರದ ದೊಡ್ಡ ಹಡಗು ಹತ್ತಬೇಕೋ ಎಂದು ಸಲಹೆ ಕೊಡುವುದು ನನ್ನ ಹೊಟ್ಟೆಪಾಡು. ಆಗ ನಾನು ಎರಡನ್ನೂ ಕಣ್ಣಾರೆ ಕಂಡವಳಲ್ಲ. ಆದರೂ ಅದರಲ್ಲೇ ಹುಟ್ಟಿ ಬೆಳೆದವಳ ಹಾಗೆ ಮಾತಾಡುತ್ತಿದ್ದೆ, ಜನ ನಂಬುತ್ತಿದ್ದರು.

ತಾತನ ಪರಿಚಯ ಗಟ್ಟಿಯಾದದ್ದು ಒಂದು ಬೇಸಿಗೆಯಲ್ಲಿ. ಬೋರ್‌ವೆಲ್ ಕೈಕೊಟ್ಟು ದಿನ ಬಿಟ್ಟು ದಿನ ಟ್ಯಾಂಕರ್ ತರಿಸುವಂತಾಗಿತ್ತು. ಮೇಲಿನ ಟ್ಯಾಂಕಿಗೆ ನೀರೇರಿದ ಕೂಡಲೇ ಕೆಳಗಿನವರು ಡ್ರಮ್ಮು, ಬಕೆಟ್ಟು, ಪಾತ್ರೆಯೆಲ್ಲ ತುಂಬಿಸಿಕೊಳ್ಳುತ್ತಿದ್ದರು. ಮೂರನೇ ಮಹಡಿಯ ನನ್ನ ನಲ್ಲಿಯಲ್ಲಿ ಬರೀ ಗಾಳಿ. ನಾನು ಒಂದು ದಿನ ಮೆಟ್ಟಿಲಲ್ಲಿ ನಿಂತು ಕೂಗಾಡಿದ್ದು ಕೇಳಿಸಿರಬೇಕು, ಮರುದಿನ ತಾತ ತಾರಸಿಗೆ ಹತ್ತಿಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೈಪುಗಳ ಪಕ್ಕ ಕೂತರು. ಒಂದೊಂದು ಮಹಡಿಗೆ ಒಂದೊಂದು ವಾಲ್ವ್ ಇತ್ತು. ಕೆಳಗಿನವನ್ನೆಲ್ಲ ಮುಚ್ಚಿ ನನ್ನದನ್ನು ಮೊದಲು ತಿರುಗಿಸಿದರು.

"ಕಡೇ ಗದ್ದೆಗೆ ಮೊದ್ಲು ಕಣವ್ವ," ಅಂದರು. "ತೂಬಿನ ಪಕ್ಕದೋರ್ಗೆ ಎಂಗಿದ್ರೂ ಸಿಕ್ತದೆ."

ಅವರನ್ನು ಒಲಿಸಿಕೊಳ್ಳಲು ಮೊದಲನೇ ಮಹಡಿಯವರು ಇಡ್ಲಿ ತಂದಿಟ್ಟರು. ನಾನೂ ಬಿಡಲಿಲ್ಲ, ಕಾಫಿ ಮಾಡಿಕೊಂಡು ಹೋದೆ. ಎರಡೂ ಆರಿ ತಣ್ಣಗಾದವು.

"ಬ್ಯಾಡ. ನೀರು ಬಿಡೋ ದಿನ ಯಾರ ಮನೇದೂ ಬಾಯಿಗೆ ಆಕ್ಕಬಾರ್ದು. ನಮ್ಮಪ್ಪ ಏಳ್ಕೊಟ್ಟಿದ್ದು. ತಿಂದ್ಬಿಟ್ರೆ ಕೈ ಒಂದ್ಕಡೀಕೆ ವಾಲ್ತದೆ."

ತಮ್ಮ ಮನೆಯೂ ನೆಲಮಹಡಿಯಲ್ಲಿ ಅದೇ ನೀರಿಗೆ ಕಾಯುತ್ತಿದ್ದುದರಿಂದ ಅಲ್ಲಿಯೂ ಅವರು ತಿನ್ನುತ್ತಿರಲಿಲ್ಲ. ಎಲ್ಲ ಮಹಡಿಗೂ ನೀರು ಸೇರಿ ಮುಗಿದ ಮೇಲೆಯೇ ಮುದ್ದೆ. ಒಮ್ಮೊಮ್ಮೆ ಮಧ್ಯಾಹ್ನ ಮೂರಾಗುತ್ತಿತ್ತು. ಅಜ್ಜಿ ಕೆಳಗಿನಿಂದ ಬೈಯುತ್ತಿದ್ದರು, ಅವರು ವಾಲ್ವಿನ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದರು. ಆ ಬೇಸಿಗೆಯ ಪೂರ್ತಿ ನಮ್ಮ ಮನೆಯಲ್ಲಿ ನೀರಿಗಾಗಿ ಇನ್ನೊಂದು ಜಗಳ ಆಗಲಿಲ್ಲ.

ಹಾಗೆ ತಾರಸಿಯಲ್ಲಿ ಕೂತಿದ್ದಾಗಲೇ ನನ್ನ ಲ್ಯಾಪ್‌ಟಾಪಿನಲ್ಲಿ ಅವರು ಆ ವಿಡಿಯೋ ನೋಡಿದ್ದು. ಡ್ಯಾನ್ಯೂಬ್ ನದಿಯ ಒಂದು ಪ್ರವಾಸಿ ಹಡಗು ಎರಡು ಭಾರೀ ಗೇಟುಗಳ ನಡುವೆ ಬಂದು ನಿಲ್ಲುತ್ತದೆ. ಹಿಂದಿನ ಗೇಟು ಮುಚ್ಚುತ್ತದೆ. ಒಳಕ್ಕೆ ನೀರು ಬಿಡುತ್ತಾರೆ. ಹಡಗು ನಿಂತಲ್ಲೇ ಮೆಲ್ಲಗೆ ಮೇಲೇಳುತ್ತ ಮುಂದಿನ ನದಿಯ ಮಟ್ಟಕ್ಕೆ ಬಂದಾಗ ಎದುರಿನ ಗೇಟು ತೆರೆದುಕೊಳ್ಳುತ್ತದೆ. ತಾತ ಲುಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಆಕು," ಅಂದರು. ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ.

ಆಮೇಲೆ ಪ್ರಶ್ನೆಗಳು. "ಆ ಗೇಟು ತೆಗ್ಯೋನು ಎಲ್ಲವ್ನೆ? ದೊಡ್ಡ ಶಿಪ್ಪು, ಸಣ್ಣ ದೋಣಿ ಒಟ್ಗೆ ಬಂದ್ರೆ ಯಾರ್ಗೆ ಮೊದ್ಲು? ಆ ನದಿ ಯಾವ ತಿಂಗ್ಳಾಗೆ ತುಂಬ್ತದೆ?"

ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಮೂರು ವರ್ಷ ಆ ನದಿಯನ್ನು ಮಾರಿದ್ದೆ, ಅದು ಯಾವಾಗ ತುಂಬುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾಚಿಕೆಯಾಗಿ ಓದಿ ತಿಳಿದುಕೊಂಡೆ. ಬೆಟ್ಟದ ಹಿಮ ಕರಗುವ ಮೇ ತಿಂಗಳಲ್ಲಿ ನೀರು ಚೆನ್ನಾಗಿರುತ್ತದೆ, ಅಲ್ಲಿಯ ಬೇಸಿಗೆಯ ಕೊನೆಗೆ, ಆಗಸ್ಟಿನ ಹೊತ್ತಿಗೆ, ಇಳಿದುಬಿಟ್ಟರೆ ಹಡಗು ತಳ ತಾಗುವ ಭಯಕ್ಕೆ ಜನರನ್ನು ಬಸ್ಸಿನಲ್ಲಿ ಸಾಗಿಸುವುದೂ ಉಂಟು. ಹೇಳಿದಾಗ ತಾತ, "ಅದ್ನ ಮೊದ್ಲು ಏಳ್ಬೇಕಲ್ವೇನವ್ವ ಜನ್ಗೆ," ಎಂದಷ್ಟೇ ಅಂದರು.

ಓನರಣ್ಣ ಮನೆಮಂದಿಯನ್ನೆಲ್ಲ ಯುರೋಪಿಗೆ ಕರೆದೊಯ್ಯಬೇಕೆಂದು ಮೊದಲೇ ಯೋಚಿಸಿದ್ದರು. ಅವರಿಗೆ ಸಮುದ್ರದ ಹಡಗಿನ ಮೇಲೆ ಮನಸ್ಸು. ತಾತ ನದಿ ಎಂದು ಹಟ ಹಿಡಿದರು. ಒಂದು ಭಾನುವಾರ ಬೆಳಗ್ಗೆ ಓನರಣ್ಣ ನನ್ನನ್ನು ಕೆಳಗೆ ಕರೆಸಿದರು. ತಾತ ಕೆರೆ ಏರಿಯ ಕಡೆ ಹೋಗಿದ್ದರು. ಅಜ್ಜಿ ಬಿಸಿ ದೋಸೆ, ಹುಚ್ಚೆಳ್ಳು ಚಟ್ನಿ ಹಾಕಿಕೊಟ್ಟರು.

"ಅಪ್ಪನ ಹಾರ್ಟಿಗೆ ಎರಡು ಸ್ಟೆಂಟ್ ಹಾಕಿದ್ದಾರೆ ಕಣಮ್ಮ," ಅಂದರು ಓನರಣ್ಣ. "ನದಿ ಶಿಪ್ಪಲ್ಲಿ ಡಾಕ್ಟ್ರೇ ಇರಲ್ಲ ಅಂತ ನೀನೇ ಹೇಳ್ದೆ. ದೊಡ್ಡದ್ರಲ್ಲಿ ಆಸ್ಪತ್ರೆನೇ ಇದೆ. ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನೇನ್ಮಾಡ್ಲಿ? ನಾನು ಬೇಡ ಅಂದ್ರೆ ಕೇಳಲ್ಲ. ಎಪ್ಪತ್ತೈದು ದಾಟಿದೋರನ್ನ ನದಿ ಶಿಪ್ಪಿಗೆ ಹತ್ತಿಸಲ್ಲ ಅಂತ ನೀನೇ ಹೇಳ್ಬಿಡು. ನಿನ್ನ ಮಾತು ನಂಬ್ತಾರೆ."

ಅಪ್ಪನನ್ನು ಕಳೆದುಕೊಳ್ಳುವ ಭಯ ಆ ಮನುಷ್ಯನ ಮುಖದಲ್ಲಿ ಬರೆದಿಟ್ಟಂತಿತ್ತು. ಈಗಲೂ ನಾನು ಅವರನ್ನು ದೂರುವುದಿಲ್ಲ. ಮೂರನೇ ದೋಸೆ ಮುಗಿಸುತ್ತ ನಾನು ಆಗಲಿ ಎಂದೆ.

ಸಂಜೆ ತಾತ ನನ್ನ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಹೊಸಿಲ ಹೊರಗೇ ನಿಂತರು.

"ನೀನು ನ್ಯಾಯ ಏಳ್ಬೇಕವ್ವ. ಮಗನ್ಗೆ ಸಮುದ್ರ, ನನ್ಗೆ ನದಿ. ನೀನು ಎರಡ್ನೂ ತಿಳ್ಕೊಂಡೋಳು. ಇವತ್ತು ನಮ್ಮನೇಲಿ ಏನೂ ತಿಂದಿಲ್ಲ ತಾನೆ?"

"ಇಲ್ಲ ತಾತ," ಅಂದೆ.

ಒಂದು ಸುಳ್ಳು ಬಾಯಿಂದ ಬಿದ್ದ ಮೇಲೆ ಎರಡನೆಯದು ಸಲೀಸಾಗಿ ಬಂತು. ವಯಸ್ಸಿನ ಕಾನೂನು ಹೇಳಿದೆ. "ಕಾನೂನು ಅಂದ್ಮೇಲೆ ಮುಗೀತು ಬಿಡು," ಅಂದು ಬೆರಳೂರಿ ಬೆರಳೂರಿ ಮೆಟ್ಟಿಲಿಳಿದರು. ಬದುಕಿಡೀ ಒಂದು ಕಟ್ಟಳೆಗೆ ತಲೆಬಾಗಿದವರು. ಇನ್ನೊಬ್ಬರ ಕಟ್ಟಳೆಯನ್ನು ಪ್ರಶ್ನಿಸುವುದು ಅವರಿಗೆ ಬರುತ್ತಿರಲಿಲ್ಲ. ಅದು ಗೊತ್ತಿದ್ದೇ ನಾನು ಹಾಗೆ ಹೇಳಿದ್ದೆ.

ಸೆಪ್ಟೆಂಬರಿನಲ್ಲಿ ಎಲ್ಲರೂ ಮೆಡಿಟರೇನಿಯನ್ ಸಮುದ್ರ ಸುತ್ತಿ ಬಂದರು. ಹೇಗಿತ್ತು ಎಂದು ತಾತನನ್ನು ಕೇಳಿದೆ.

"ಚೆನ್ನಾಗಿತ್ತು. ನಮ್ಮ ಪಕ್ಕದ ಅಪಾರ್ಟ್‌ಮೆಂಟೇ ನೀರಿಗಿಳ್ದಂಗಿತ್ತು. ಲಿಫ್ಟು, ಊಟ, ಎಲ್ಲ ಜೋರು." ಆಮೇಲೆ ಸೇರಿಸಿದರು, "ಸಮುದ್ರಕ್ಕೆ ನೀರುಗಂಟಿ ಬೇಕಿಲ್ಲ ಕಣವ್ವ. ಅಲ್ಲಿ ನನ್ಗೇನು ಕೆಲ್ಸ."

ಜನವರಿಯಲ್ಲಿ ನಾನು ರದ್ದಿಗೆ ಹಾಕಿದ್ದ ಕಾಗದಗಳ ನಡುವೆ ಅವರಿಗೆ ನಮ್ಮ ಕಂಪನಿಯ ಒಂದು ಪುಸ್ತಿಕೆ ಸಿಕ್ಕಿತು. ಅದನ್ನು ಹಿಡಿದುಕೊಂಡು ತಾರಸಿಗೆ ಬಂದರು. ನಾನು ಬಟ್ಟೆ ಒಣಹಾಕುತ್ತಿದ್ದೆ. ನದಿಯ ಹಡಗಿನ ಚಿತ್ರವಿದ್ದ ಪುಟ ತೆರೆದು ನನ್ನೆದುರು ಹಿಡಿದರು. ಹಡಗಿನ ಮೇಲೆ ಸಾಲಾಗಿ ಕೂತಿದ್ದವರಲ್ಲಿ ಕಪ್ಪು ಕೂದಲಿನ ಒಬ್ಬರೂ ಇರಲಿಲ್ಲ. ಇಬ್ಬರ ಕೈಯಲ್ಲಿ ಊರುಗೋಲಿತ್ತು.

"ಇವ್ರೆಲ್ಲ ನನ್ನ ವಯಸ್ನೋರೇ ಅಲ್ವೇನವ್ವ?"

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಎಲ್ಲಿಡಬೇಕೆಂದು ನನಗೆ ತೋಚಲಿಲ್ಲ. "ಅವತ್ತು ನಿಮ್ಮನೇಲಿ ದೋಸೆ ತಿಂದಿದ್ದೆ ತಾತ," ಅಂದೆ. ಬೇರೇನೂ ವಿವರಿಸುವ ಅಗತ್ಯ ಬೀಳಲಿಲ್ಲ.

ಅವರು ಪುಸ್ತಿಕೆ ಮಡಚಿದರು. ಬೈಯಬಹುದಿತ್ತು, ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ದೋಸೆ ಚೆನ್ನಾಗಿತ್ತಾ?" ಎಂದು ಕೇಳಿದರು.

ನಾನು ಅತ್ತುಬಿಟ್ಟೆ. ಅವರು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಹಿಂಡಿ, ತಂತಿಯ ಮೇಲೆ ಹರವಿ, "ಇನ್ಮೇಲೆ ಯಾರಾದ್ರೂ ಕೇಳಿದ್ರೆ, ತಿನ್ನೋಕ್ ಮುಂಚೇನೆ ಏಳ್ಬಿಡು," ಎಂದರು.

ಅಂದು ಸಂಜೆಯೇ ಓನರಣ್ಣನಿಗೆ ಎಲ್ಲ ಹೇಳಿದೆ. ಅವರು ಮರುದಿನವೇ ಹೃದಯದ ಡಾಕ್ಟರ ಬಳಿ ಅಪ್ಪನನ್ನು ಕರೆದೊಯ್ದರು. ಔಷಧಿ ತಪ್ಪಿಸದೆ ಜೋಪಾನವಾಗಿ ಹೋಗಿಬರಬಹುದು ಎಂದು ಡಾಕ್ಟರು ಹೇಳಿದರಂತೆ. ಮೇ ತಿಂಗಳಿಗೆ ಡ್ಯಾನ್ಯೂಬಿನ ಹಡಗು, ಅಪ್ಪ ಮಗ ಇಬ್ಬರಿಗೆ, ನಾನೇ ಗೊತ್ತುಮಾಡಿದೆ. ತಾತ ಹೊರಗೆ ಬಿದ್ದಿದ್ದ ಹೊಸ ಚಪ್ಪಲಿಯನ್ನು ಎತ್ತಿ ಧೂಳು ಕೊಡವಿ, ಸಂಜೆ ಹೊತ್ತು ಹಾಕಿಕೊಂಡು ಬೀದಿಯಲ್ಲಿ ನಡೆದು ಅಭ್ಯಾಸ ಮಾಡತೊಡಗಿದರು. ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದಿತು. "ಅಲ್ಲಿ ಬರಿಗಾಲಲ್ಲಿ ಓದ್ರೆ ಆ ಗೇಟ್ನೋನು ಏನಂದ್ಕತಾನೆ," ಅನ್ನುತ್ತಿದ್ದರು.

ಮಾರ್ಚಿನ ಒಂದು ಬೆಳಗ್ಗೆ ಎದೆ ನೋವು ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಅವರ ಹೆಸರಿನ ಟಿಕೆಟನ್ನು ರದ್ದು ಮಾಡಬೇಕಾದವಳೂ ನಾನೇ. ಕಾರಣ ಬರೆಯುವ ಜಾಗದಲ್ಲಿ ಮರಣ ಎಂದು ತುಂಬಿಸಿದೆ. ಪೂರ್ತಿ ನಿಜ ಅದಾಗಿರಲಿಲ್ಲ. ತಿಥಿಯ ದಿನ ಓನರಣ್ಣ ನನ್ನ ಪಕ್ಕ ಬಂದು ನಿಂತು, "ಹೋದ ವರ್ಷನೇ ಕಳಿಸ್ಬೇಕಿತ್ತು ಅಲ್ವಾ?" ಅಂದರು. ಹೌದು ಎಂದೆ. ಬಾಗಿಲ ಹೊರಗೆ ಆ ಚಪ್ಪಲಿ ಇತ್ತು, ಒಂದಿಷ್ಟು ಸವೆದಿತ್ತು.

ಅಂದಿನಿಂದ ಸಲಹೆ ಕೇಳಿ ಬಂದವರಿಗೆ ನಾನು ಮೊದಲು ನದಿ ತುಂಬುವ ತಿಂಗಳು ಹೇಳುತ್ತೇನೆ. ಸಮುದ್ರ ಹಿತವೆನಿಸುವವರಿಗೆ ಸಮುದ್ರವೆನ್ನುತ್ತೇನೆ, ನದಿಯೆಂದರೆ ನದಿ. ಅವರು ತಂದ ಸಿಹಿ ಡಬ್ಬಿಯನ್ನು ಮಾತು ಮುಗಿಯುವವರೆಗೆ ಮುಟ್ಟುವುದಿಲ್ಲ. ಆಫೀಸಿನಲ್ಲಿ ಇದನ್ನು ನನ್ನ ವ್ರತವೆಂದು ಗೇಲಿ ಮಾಡುತ್ತಾರೆ. ಮಾಡಲಿ.

ಮುಂದಿನ ವರ್ಷ ಮೇ ತಿಂಗಳಲ್ಲಿ ಕಂಪನಿಯೇ ನನ್ನನ್ನು ಡ್ಯಾನ್ಯೂಬಿಗೆ ಕಳಿಸಿತು. ಹಡಗು ಆ ಗೇಟುಗಳ ನಡುವೆ ಬಂದು ನಿಂತದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಹಿಂದಿನ ಗೇಟು ಮುಚ್ಚಿತು, ನೀರು ಬಂತು, ಪಕ್ಕದ ಒದ್ದೆ ಗೋಡೆ ಅಂಗುಲಂಗುಲವಾಗಿ ಕೆಳಗಿಳಿಯತೊಡಗಿತು. ಗೇಟಿನವನು ಎತ್ತರದ ಗಾಜಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ನಾನು ಕೈಯೆತ್ತಿದೆ, ಅವನೂ ಎತ್ತಿದ. ಹಗ್ಗ ಕಟ್ಟುತ್ತಿದ್ದ ಕೆಲಸಗಾರನನ್ನು ತಾತನ ಪ್ರಶ್ನೆ ಕೇಳಿದೆ: ಎಲ್ಲರೂ ಒಟ್ಟಿಗೆ ಬಂದರೆ ಯಾರಿಗೆ ಮೊದಲು? ಪ್ರವಾಸಿಗಳ ಹಡಗಿಗೆ ಮೊದಲು, ಸರಕಿನದಕ್ಕೆ ಆಮೇಲೆ, ಸಣ್ಣ ದೋಣಿ ಕೊನೆಗೆ ಅಂದ. ತಾತ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಅಲ್ಲೇ ನಿಂತು ಅವನಿಗೆ ಕಡೇ ಗದ್ದೆಯ ಪಾಠ ಹೇಳುತ್ತಿದ್ದರು.

ಎದುರಿನ ಗೇಟು ತೆರೆದುಕೊಂಡು ಹಡಗು ಮೇಲಿನ ನದಿಗೆ ಸೇರಿದ ಮೇಲೆ ನಾನು ಊಟದ ಕೋಣೆಗೆ ಹೋದೆ. ಅಂದು ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ.