ಕಾಯದೆ ಬಿಟ್ಟ ಕಾಲು ಗಂಟೆ

ಎಲಿದಾ ತೆಚೇರಾಳನ್ನು ನಾನು ಮೊದಲು ನೋಡಿದ್ದು ನಮ್ಮ ವ್ಯಾನಿನ ಕಿಟಕಿಯಿಂದ. ಚಳಿಗಾಲ. ಕೊಯ್ಲಾದ ಭತ್ತದ ಗದ್ದೆಗಳ ಮೇಲೆ ಬೆಳಗಿನ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಪಾಸೊ ದೆಲ್ ಹುಂಕೊ ಊರಿನಿಂದ ದೊಡ್ಡ ಊರಿನ ಆಸ್ಪತ್ರೆಗೆ, ಕಿಡ್ನಿ ಕೈಕೊಟ್ಟ ನಾವು ಐದು ಜನ, ಮೆಷಿನ್ನಿನಲ್ಲಿ ರಕ್ತ ತೊಳೆಸಿಕೊಳ್ಳಲು ವಾರಕ್ಕೆ ಮೂರು ಸಲ ಹೋಗುತ್ತಿದ್ದೆವು. ವ್ಯಾನು ಓಡಿಸುವವನು ಎಬೆರ್. ಅವನ ಬೆನ್ನ ಹಿಂದೆ ಕೂರುವ, ನಮ್ಮ ಐವರಲ್ಲೊಬ್ಬನಾದ ಮುದುಕ ಒರೊಸ್ಮಾನ್, ಚಹಾದ ಹಾಗೆ ಹೀರುವ ಎರ್ಬಾ ಸೊಪ್ಪು ತುಂಬಿದ ಸೋರೆಬುರುಡೆಗೆ ಫ್ಲಾಸ್ಕಿನ ಬಿಸಿನೀರು ಹೊಯ್ದು ಒಬ್ಬೊಬ್ಬರಿಗೂ ದಾಟಿಸುತ್ತಿದ್ದ. ಎಲ್ಲರಿಗೂ ಒಂದೇ ಬುರುಡೆ, ಒಂದೇ ಕೊಳವೆ. ಕಿಡ್ನಿಯವರಿಗೆ ನೀರು ಅಳತೆ. ನಾವು ತುಟಿ ಒದ್ದೆ ಮಾಡಿಕೊಂಡು ಬಿಡುತ್ತಿದ್ದೆವು. ಉಳಿದದ್ದೆಲ್ಲ ಎಬೆರನ ಪಾಲು.

ಊರು ದಾಟಿ ನೀಲಗಿರಿ ಮರಗಳ ಸಾಲು ಮುಗಿಯುವಲ್ಲಿ ಅವಳು ಕೈ ಅಡ್ಡ ಹಿಡಿದು ನಿಂತಿದ್ದಳು. ದಪ್ಪ ಕೈಯ, ನಲವತ್ತರ ಆಚೀಚಿನ ಹೆಂಗಸು.

"ಬೂದು ನರಿ ಬಂತು. ಕೋಳಿ ಬಚ್ಚಿಡ್ರಪ್ಪಾ," ಅಂದ ಒರೊಸ್ಮಾನ್. ಸಂಚಾರಿ ಇನ್‌ಸ್ಪೆಕ್ಟರುಗಳಿಗೆ ನಮ್ಮಲ್ಲಿ ಅದೇ ಹೆಸರು. ಬೂದು ಸಮವಸ್ತ್ರ ಹೋಗಿ ಎಷ್ಟೋ ಕಾಲವಾದರೂ ಹೆಸರು ಹೋಗಿಲ್ಲ.

"ನರಿಗೆ ಕಿವಿ ಚುರುಕು, ಯಜಮಾನ್ರೇ," ಅಂದಳು ಅವಳು ಕಿಟಕಿಯ ಹತ್ತಿರ ಬಂದು. "ಎಲ್ಲಿ, ಆ ಬುರುಡೆ ಇಲ್ಲಿ ಕೊಡಿ."

ನಮ್ಮ ಉರುಗ್ವೆಯಲ್ಲಿ ಸರ್ಕಾರ ಗಾಂಜಾವನ್ನು ಔಷಧಿ ಅಂಗಡಿಯಲ್ಲಿ ಮಾರಲು ಬಿಟ್ಟಿತು, ಹಿತ್ತಲಲ್ಲಿ ಆರು ಗಿಡ ಬೆಳೆಸಲೂ ಬಿಟ್ಟಿತು. ಸೇದಬಹುದು, ಆದರೆ ಬಾಯಲ್ಲಿ ಅದರ ಸುಳಿವಿಟ್ಟುಕೊಂಡು ಗಾಡಿ ಓಡಿಸುವಂತಿಲ್ಲ. ಹೆಂಡ ಕುಡಿದವನನ್ನು ಊದಿಸಿ ಹಿಡಿಯಬಹುದು; ಇದು ಊದಿದರೆ ಸಿಕ್ಕುವುದಿಲ್ಲ. ನಾಲಿಗೆಗೆ ಕಡ್ಡಿ ಉಜ್ಜಿ ಎಂಜಲು ತೆಗೆಯಬೇಕು. ಎರಡು ಗೆರೆ ಮೂಡಿದರೆ ಬಾಯಿ ಚೊಕ್ಕ. ಒಂದೇ ಮೂಡಿದರೆ ಗಾಂಜಾ. ಈಗ ಸೇದಿದ್ದೋ ನಿನ್ನೆಯದೋ, ಮಂಪರಿದೆಯೋ ಇಲ್ಲವೋ, ಅದೊಂದನ್ನೂ ಕಡ್ಡಿ ಹೇಳುವುದಿಲ್ಲ. ಉಜ್ಜುವ ಮುಂಚೆ ಕಾಲು ಗಂಟೆ ಬಾಯಿಗೆ ಏನೂ ಹಾಕಕೂಡದು. ಬುರುಡೆ ಕೈಬಿಡದ ನಮ್ಮ ಜನಕ್ಕೆ ಅದು ಉಪವಾಸವೇ.

ಆ ಕಾಲು ಗಂಟೆ ಅವಳು ನಮ್ಮ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬಳಿ ನಿಂತಳು. ಕೈ ಬೆಚ್ಚಗಾಗಲೆಂದೇ ಹಿಡಿದಿದ್ದಾಳೆ ಅನ್ನಿಸಿತು ನನಗೆ.

"ಒಂದು ಗುಟುಕು ಎಳೀರಿ ಇನ್‌ಸ್ಪೆಕ್ಟರಮ್ಮ, ವಿಷ ಇಲ್ಲ," ಅಂದ ಎಬೆರ್.

"ಕೆಲಸದ ಮೇಲಿದ್ದಾಗ ಯಾರ ಬುರುಡೇನೂ ಮುಟ್ಟಲ್ಲ. ಇವತ್ತು ನಿಮ್ಮದು ಕುಡಿದು ನಾಳೆ ನಿಮಗೇ ದಂಡ ಹಾಕಿದ್ರೆ, ನಾಚಿಕೆಗೆಟ್ಟೋಳು ಅಂತೀರಿ."

"ಕುಡೀದೆ ಹಾಕಿದ್ರೂ ಅಂತೀವಿ," ಅಂದ ಒರೊಸ್ಮಾನ್. ಅವಳು ನಕ್ಕಳು.

ಎರಡು ಗೆರೆ ಮೂಡಿತು, ಬಿಟ್ಟಳು. ಆದರೆ ನಾವು ತಡವಾಗಿ ಮುಟ್ಟಿದೆವು. ನಮ್ಮ ನಂತರದವರು ಕಾದು ಕೂತಿದ್ದರಿಂದ ಮೆಷಿನ್ನಿನ ಹೊತ್ತು ಕಡಿಮೆ ಮಾಡಿ, ಮೈಯೊಳಗಿನ ನೀರನ್ನು ಜೋರಾಗಿ ಎಳೆದರು. ಹಾಗೆ ಎಳೆದರೆ ಮೀನಖಂಡ ಕಲ್ಲಾಗುತ್ತದೆ. ಮರಳಿ ಬರುವಾಗ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವಳು ಇನ್ನೂ ಅಲ್ಲೇ ನಿಂತಿದ್ದಳು. ಎಬೆರ್ ಬೇಕೆಂದೇ ವ್ಯಾನು ನಿಲ್ಲಿಸಿದ.

"ನೋಡಿ, ನಿಮ್ಮ ಕಾಲು ಗಂಟೆ ದೋನ್ಯಾ ಸುಲ್ಮಾ ಕಾಲಿಗೆ ಹತ್ತಿದೆ," ಅಂದ ನನ್ನ ಕಡೆ ಕೈ ತೋರಿಸಿ. ವಯಸ್ಸಾದ ಹೆಂಗಸರನ್ನು ನಮ್ಮಲ್ಲಿ ಮರ್ಯಾದೆಗೆ ದೋನ್ಯಾ ಅನ್ನುತ್ತಾರೆ.

ಎಲಿದಾ ಕೈಗವಸು ತೆಗೆದಳು, ಒಳಗೆ ಹತ್ತಿದಳು, ಮಂಡಿಯೂರಿ ನನ್ನ ಕಾಲುಚೀಲ ಜಾರಿಸಿ ನೋವಿದ್ದ ಕಡೆ ಒತ್ತತೊಡಗಿದಳು. "ನಮ್ಮಪ್ಪ ಗದ್ದೆಗೆ ನೀರು ತಿರುಗಿಸೋನು. ದಿನವಿಡೀ ನೀರಲ್ಲಿ ನಿಂತು ಸಂಜೆ ಹಿಂಗೇ ಕಾಲು ಹಿಡ್ಕೊಂಡು ಬರೋನು," ಅಂದಳು. ಆ ಕೈಗೆ ಅಭ್ಯಾಸವಿತ್ತು.

ಅಲ್ಲಿಂದ ನಮಗೆ ಗುರುತಾಯಿತು. ಬಿಡುವಿನ ದಿನ ನನ್ನ ಮನೆಗೆ ಬರುವಳು. ಕೆಲಸವಿಲ್ಲದ ಅಂಥ ದಿನ ನನ್ನ ಬುರುಡೆಯಿಂದ ಮಾತ್ರ ಕುಡಿಯುತ್ತಿದ್ದಳು. ಒಂದು ಕಾರ್ನಿವಲ್ಲಿನಲ್ಲಿ ಮುಖಕ್ಕೆ ಬೆಳ್ಳಿಬಣ್ಣ ಬಳಿದುಕೊಂಡು ತಮಟೆಯವರ ಸಾಲಿನಲ್ಲಿ ಕುಣಿದಳು. ಅವಳ ಕೈಯಲ್ಲಿ ದಂಡ ತೆತ್ತ ಗಂಡಸರೆಲ್ಲ ಅವಳ ಸೊಂಟ ಹಿಡಿದು ಕುಣಿದರು. ಮರುದಿನ ಯಾರೆಂದು ತಿಳಿದ ಮೇಲೆ ಒಬ್ಬ ಚರ್ಚಿಗೆ ಹೋಗಿ ಬಂದನಂತೆ. ಅದನ್ನು ಹೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಅವಳ ತಮ್ಮ ವಾಲ್ದೆಮಾರ್ ಒಮ್ಮೆ ಗೆಳೆಯನ ಬೈಕಿನ ಹಿಂದೆ ಕೂತಿದ್ದ. ಗೆಳೆಯ ಗಾಂಜಾ ಸೇದಿದ್ದ. ತಿರುವು ಕಾಣಿಸಿತಂತೆ, ಕೈ ತಿರುಗಲಿಲ್ಲ. ಗೆಳೆಯ ಉಳಿಯಲಿಲ್ಲ, ತಮ್ಮನ ಕಾಲು ಮೊಟಕಾಯಿತು. ಈಗ ಆ ಕಾಲಿನ ನೋವಿಗೆ ಅವನೇ ಹಿತ್ತಲಲ್ಲಿ ಗಾಂಜಾ ಬೆಳೆಯುತ್ತಾನೆ, ನೀರು ಹಾಕುವವಳು ಎಲಿದಾ.

"ನಿನಗೆ ಆ ಗಿಡದ ಮೇಲೆ ಸಿಟ್ಟಿಲ್ಲವಾ ಮಗಳೇ?" ಅಂತ ಕೇಳಿದ್ದೆ.

"ಗಿಡ ಏನ್ ಮಾಡುತ್ತೆ ದೋನ್ಯಾ ಸುಲ್ಮಾ, ಮಣ್ಣಲ್ಲಿ ನಿಂತಿರುತ್ತೆ. ಸ್ಟೇರಿಂಗ್ ಹಿಡಿದು ಕೂತ್ರೆ ಮಾತ್ರ ನನಗೂ ಅದಕ್ಕೂ ಆಗಲ್ಲ."

ಮರುವರ್ಷದ ವಸಂತದಲ್ಲಿ ಆ ಬೆಳಗು ಬಂತು. ಮಳೆ ಹನಿಯುತ್ತಿತ್ತು. ದಾರಿಗೆ ಅಡ್ಡ ದನದ ಹಿಂಡೊಂದು ನುಗ್ಗಿ ನಾವು ಮೊದಲೇ ತಡವಾಗಿದ್ದೆವು. ಜನ ಸಾಗಿಸುವ ಚಾಲಕರನ್ನೆಲ್ಲ ಪರೀಕ್ಷಿಸಬೇಕೆಂದು ಮೇಲಿನವರ ಆಜ್ಞೆ ಬಂದಿತ್ತು. ಎಲಿದಾ ಕೈ ಅಡ್ಡ ಹಿಡಿದಳು. ಎಬೆರನ ಕೈಯಲ್ಲಿ ಬುರುಡೆ, ಬಾಯಲ್ಲಿ ಕೊಳವೆ.

"ಇವತ್ತೊಂದಿನ ಬಿಡಿ ಇನ್‌ಸ್ಪೆಕ್ಟರಮ್ಮ. ಹಿಂದೆ ನೋಡಿ, ಎಲ್ಲರ ಮುಖ ಊದಿದೆ."

ಅವಳು ಹಿಂದೆ ನೋಡಿದಳು. ನನ್ನನ್ನೂ ನೋಡಿದಳು, ನನ್ನ ಕಾಲನ್ನೂ.

"ಬಿಡೋ ಹಾಗಿಲ್ಲ. ಬೇಗ ಮುಗಿಸ್ತೀನಿ. ಬಾಯಿ ತೆಗೀರಿ."

ಕಾಲು ಗಂಟೆ ಕಾಯಲಿಲ್ಲ. ಒಂದೇ ಗೆರೆ ಮೂಡಿತು.

ಮಳೆಯಲ್ಲಿ ಅವಳು ಆ ಕಡ್ಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಂದು ಗೆರೆ ಅಂದರೆ ಆರು ತಿಂಗಳು ಲೈಸೆನ್ಸ್ ಹೋಯಿತು ಎಂದರ್ಥ. ಲೈಸೆನ್ಸ್ ಹೋದರೆ ವ್ಯಾನು ಹೋಯಿತು. ಎಬೆರನಿಗೆ ಬೇರೆ ಕಸುಬಿಲ್ಲ.

"ನಮ್ಮವ್ವನಾಣೆ, ನಾನು ಬೀಡಿ ಕೂಡ ಮುಟ್ಟಿದವನಲ್ಲ," ಅಂದ ಅವನು, ಮೆಲ್ಲಗೆ.

"ನನಗೂ ಗೊತ್ತು ಎಬೆರ್. ಆದರೆ ಕೀ ಕೊಡಿ."

ಸಹೋದ್ಯೋಗಿಗೆ ಜಾಗ ಒಪ್ಪಿಸಿ ಅವಳೇ ವ್ಯಾನು ಓಡಿಸಿದಳು. ಎಬೆರ್ ಹಿಂದೆ ನಮ್ಮ ನಡುವೆ ರೋಗಿಯ ಹಾಗೆ ಕೂತ. ದಾರಿಯುದ್ದಕ್ಕೂ ಬುರುಡೆ ಯಾರ ಕೈಗೂ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಒರೊಸ್ಮಾನನ ಕುರ್ಚಿ ನನ್ನ ಪಕ್ಕದ್ದು. ಇಬ್ಬರ ತೋಳಿಗೂ ನಳಿಗೆ ಚುಚ್ಚಿದ್ದರು, ಎದ್ದು ಹೋಗುವಂತಿಲ್ಲ. ಅವನ ಮುಖ ಗೋಡೆಯ ಕಡೆಗಿತ್ತು.

"ಸುಲ್ಮಾ," ಅಂದ. "ಸೊಸೆ ಬೆಳೆಸಿರೋ ಭಂಗಿ ಸೊಪ್ಪನ್ನ ಪುಡಿ ಮಾಡಿ ಎರ್ಬಾ ಜೊತೆ ಬೆರೆಸ್ತಾ ಇದ್ದೆ. ಕಾಲು ನೋವಿಗೆ. ಹೊಟ್ಟೆಗೆ ಅಂತ ಮಾರ್ಸೆಲಾ ಹೂ ಹಾಕ್ತೀವಲ್ಲ, ಹಂಗೆ."

"ನಮ್ಮೆಲ್ಲರಿಗೂ ಕುಡಿಸಿದೆಯಾ?"

"ನೀವು ಒಂದೊಂದು ಗುಟುಕು. ಅವನು ಪೂರ್ತಿ."

"ಅದಕ್ಕೇ ಒಂದು ವಾರದಿಂದ ನಾನು ವ್ಯಾನಲ್ಲಿ ಗೊರಕೆ ಹೊಡೀತಿದ್ದೆ."

"ಆ ಗೊರಕೆ ಹಳೇದು," ಅಂದ. ಆಮೇಲೆ ಅತ್ತ. ತೋಳು ಅಲ್ಲಾಡಿಸದ ಹಾಗೆ ಅತ್ತ, ಮೆಷಿನ್ ಕೂಗಿಕೊಳ್ಳುತ್ತದೆಂದು.

ನಾನು ನರ್ಸನ್ನು ಕರೆದು ಎಲಿದಾಳನ್ನು ಒಳಗೆ ಬರಹೇಳಿದೆ. ಒರೊಸ್ಮಾನ್ ಮತ್ತೊಮ್ಮೆ ಎಲ್ಲ ಹೇಳಿದ. ಅವಳು ಅವನನ್ನು ಗದರಲಿಲ್ಲ. ಅವನ ಕಾಲಿನ ಮೇಲೆ ಕಂಬಳಿ ಸರಿಮಾಡಿ, "ಎಬೆರ್ ಬಾಯಲ್ಲಿದ್ದಿದ್ದು ನಿಮ್ಮ ಸೊಪ್ಪು. ಕಾಯದೆ ಉಜ್ಜಿದ್ದು ನಾನು," ಅಂದಳು.

ಹೊರಗೆ ಹೋಗಿ ಎಬೆರನಿಗೆ ಬಾಯಿ ಮುಕ್ಕಳಿಸಲು ಹೇಳಿ, ಪೂರ್ತಿ ಕಾಲು ಗಂಟೆ ಅವನೆದುರು ಕೂತು, ಮತ್ತೆ ಉಜ್ಜಿದಳಂತೆ. ಎರಡು ಗೆರೆ. ಆದರೆ ಮೊದಲ ಕಡ್ಡಿಯ ಸುದ್ದಿ ಆಗಲೇ ಮೇಲೆ ಮುಟ್ಟಿತ್ತು. ಅದನ್ನು ಅಳಿಸಲು ಒಂದೇ ದಾರಿ: ತಾನು ಕ್ರಮ ತಪ್ಪಿದೆ ಎಂದು ಅವಳು ಮೇಲಧಿಕಾರಿಯ ಮುಂದೆ ಒಪ್ಪಿಕೊಳ್ಳಬೇಕು. ಜೊತೆಯವರು, ಕಡ್ಡಿ ಕೆಟ್ಟಿತ್ತು ಅನ್ನು, ಮುಗೀತು, ಅಂದರಂತೆ.

ಸಂಜೆ ನನ್ನ ಅಡಿಗೆಮನೆಯಲ್ಲಿ ಕೂತು ಅವಳು ಕುಂಬಳಕಾಯಿ ಹೆಚ್ಚುತ್ತಾ ಹೇಳಿದಳು: "ಕಡ್ಡಿ ಕೆಟ್ಟಿತ್ತು ಅಂದ್ರೆ ನಾಳೆ ನಿಜವಾಗಿ ಸೇದಿ ಓಡಿಸಿದೋನೂ ಅದನ್ನೇ ಅಂತಾನೆ. ಆಗ ನಾನು ಯಾವ ಬಾಯಲ್ಲಿ ಇಲ್ಲ ಅನ್ನಲಿ?"

"ಕೆಲಸ ಹೋದರೆ?"

"ಹೋದರೆ ಹೋಯ್ತು. ಎಬೆರ್‌ಗೆ ಐದು ಜನ ಕಾಯ್ತಾರೆ. ನನಗೆ ಯಾರು ಕಾಯ್ತಾರೆ? ಎಲ್ಲಾ ನನ್ನ ಕಂಡ್ರೆ ಗಾಡಿ ತಿರುಗಿಸ್ತಾರೆ."

ನಾನು ಅವಳ ಕೈಯಿಂದ ಚಾಕು ತೆಗೆದಿಟ್ಟೆ. ಕುಂಬಳಕಾಯಿ ಬೇಕಾದದ್ದಕ್ಕಿಂತ ಜಾಸ್ತಿಯೇ ಹೆಚ್ಚಿ ಆಗಿತ್ತು.

ಒಪ್ಪಿಕೊಂಡಳು. ವಿಚಾರಣೆ ಮುಗಿಯುವ ತನಕ ಬೇರೆ ಊರಿನ ಚಾಲಕನೊಬ್ಬ ನಮ್ಮನ್ನು ಕರೆದೊಯ್ದ. ಅವನು ಎರ್ಬಾ ಕುಡಿಯದವನು, ಮಾತೂ ಇಲ್ಲದವನು. ಬೇಸಿಗೆ ಕಾಲಿಡುವ ಹೊತ್ತಿಗೆ ಎಬೆರನಿಗೆ ಲೈಸೆನ್ಸ್ ಕೈಗೆ ಬಂತು. ಒರೊಸ್ಮಾನ್ ಎರಡು ಬುರುಡೆ ಇಟ್ಟುಕೊಂಡ, ಒಂದು ತನಗೆ ಮಾತ್ರ, ಅದಕ್ಕೆ ಕೆಂಪು ದಾರ ಕಟ್ಟಿ. ಎಲಿದಾಳನ್ನು ರಸ್ತೆಯಿಂದ ತೆಗೆದು, ದೂರದ ಊರಲ್ಲಿ ಹಿಡಿದು ತಂದ ಬೈಕುಗಳನ್ನು ರಾಶಿ ಹಾಕುವ ಅಂಗಳದ ಕಾವಲಿಗೆ ಹಾಕಿದರು.

ಅವಳು ಹೊರಟ ದಿನ ಬಸ್ ನಿಲ್ದಾಣಕ್ಕೆ ನಾವೆಲ್ಲ ವ್ಯಾನಿನಲ್ಲೇ ಹೋದೆವು. ಎಬೆರ್ ಅವಳ ಚೀಲ ಎತ್ತಿಕೊಟ್ಟ. ಕೈ ಚಾಚಲೋ ಬೇಡವೋ ಎಂದು ಇಬ್ಬರೂ ನಿಂತರು. ಕೊನೆಗೆ ಅವನೇ ಅವಳ ಕೆನ್ನೆಗೆ ಮುತ್ತಿಟ್ಟ, ನಮ್ಮಲ್ಲಿ ಬಂಧುಗಳಿಗೆ ಇಡುವ ಹಾಗೆ.

"ನರಿ ಹೋದ ಮೇಲೆ ಕೋಳಿಗಳಿಗೆ ಬೇಜಾರು," ಅಂದ ಒರೊಸ್ಮಾನ್ ಕಿಟಕಿಯೊಳಗಿಂದ.

"ಹೊಸ ನರಿ ಬರ್ತಾನೆ, ಯಜಮಾನ್ರೇ. ನನಗಿಂತ ಚಿಕ್ಕೋನು."

ಆಮೇಲೆ ಅವಳು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಬಸ್ಸಿನ ಎಂಜಿನ್ ಶುರುವಾಗಿತ್ತು. ಅಲ್ಲಿ ಅವಳು ಆಡಿದ್ದೇ ಕೊನೆಯ ಮಾತು, ಆಮೇಲೆ ನಾನು ಅವಳ ದನಿ ಕೇಳಿಲ್ಲ. ಅಂಗಳದ ಊರು ದೂರ, ನನ್ನನ್ನು ಮೆಷಿನ್ನು ಬಿಡುವುದಿಲ್ಲ.

"ದೋನ್ಯಾ ಸುಲ್ಮಾ," ಅಂದಳು, "ಒಬ್ಬನೇ ನಿಂತ್ಕೊಂಡು ಕಾಯೋಕೆ ಆ ಕಾಲು ಗಂಟೆ ತುಂಬಾ ಉದ್ದ. ಆ ಹುಡುಗ ನಿಮ್ಮ ವ್ಯಾನು ನಿಲ್ಲಿಸಿದಾಗ, ಬೇಗ ಮಾಡು ಅನ್ನದೆ, ಅವನ ಜೊತೆ ಏನಾದ್ರೂ ಮಾತಾಡ್ತಾ ಇರ್ತೀರಾ?"