ದೋಣಿಯ ಮೂತಿಗೆ ಅಪ್ಪಳಿಸಿದ ಕಾಯಿ

ನನಗೆ ಆಗ ಐವತ್ತೆರಡು. ಈ ಮಾತಿಗೆ ಇಪ್ಪತ್ತೈದು ವರ್ಷ ಆಗಿಹೋಯಿತು. ಪುಣೆಯ ಕೊಂಢವಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಮನೆಯವರು ಮೊನ್ನೆ ಬಾಗಿಲಿಗೆ ವಾರ್ನಿಶ್ ಹೊಡೆಸಿದರು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತೆ. ವಾಸನೆ ಚೆನ್ನಾಗಿದೆ ಎಂದಲ್ಲ, ತಲೆನೋವು ಬರುತ್ತದೆ. ಆದರೆ ನನ್ನ ಮಟ್ಟಿಗೆ ವಾರ್ನಿಶ್ ಎಂದರೆ ಬಾಗಿಲಲ್ಲ, ದೋಣಿ.

ಅದೇ ಹೊತ್ತಿಗೆ ವಂದನಾ ಬಂದಳು. ಹಿಂದೆ ನಮ್ಮ ಶಾಲೆಯ ದೋಣಿ ಕ್ಲಬ್ಬಿನಲ್ಲಿ ಹುಟ್ಟು ಹಾಕುತ್ತಿದ್ದ ಹುಡುಗಿ, ಈಗ ಅಲ್ಲೇ ಟೀಚರು. ಕ್ಲಬ್ಬಿನ ಚರಿತ್ರೆಯನ್ನು ಪುಸ್ತಕ ಮಾಡುತ್ತಾರಂತೆ. "ಮಾವಶಿ, ನೀವೂ ನಾಲ್ಕು ಸಾಲು ಬರೀರಿ" ಎಂದಳು. ಎರಡನೆಯ ಇಯತ್ತೆ ಓದಿದವಳು ನಾನು, ಸಾಲಿಗೊಂದು ದಿನ ಬೇಕು ಎಂದೆ. ಶಾಲೆಯವರು ಆಗಲೇ ಬರೆದಿಟ್ಟದ್ದನ್ನು ಓದಿ ಹೇಳಿದಳು. ಆಡಳಿತ ಮಂಡಳಿಯ ಪ್ರೋತ್ಸಾಹದಿಂದ ಕ್ಲಬ್ಬು ಅಖಂಡವಾಗಿ ನಡೆದು ಬಂದಿದೆಯಂತೆ. ನನಗೆ ನಗು ಬಂತು. ದೋಣಿಯೇ ಅಖಂಡ ಇರಲಿಲ್ಲ!

ಕೇಳಿ. ಪುಣೆಯ ನದಿ ದಂಡೆಗೆ ನಮ್ಮ ಕನ್ನಡ ಹೆಣ್ಣುಮಕ್ಕಳ ಶಾಲೆ. ನಾನು ಅಲ್ಲಿ ಕಸ ಗುಡಿಸಿ, ಗಂಟೆ ಬಾರಿಸಿ, ಬಾಗಿಲು ತೆರೆಯುವವಳು. ಅಂಥ ಹೆಂಗಸಿಗೆ ಈ ಊರಿನಲ್ಲಿ ಮಾವಶಿ ಎನ್ನುತ್ತಾರೆ. ಆಚೆ ದಂಡೆಯ ಗಂಡುಹುಡುಗರ ಶಾಲೆಗೆ ಮೊದಲಿನಿಂದಲೂ ದೋಣಿಗಳಿದ್ದವು. ನಮ್ಮ ಹೆಡ್‌ಮಿಸ್ಟ್ರೆಸ್ ಕುಲಕರ್ಣಿ ಬಾಯಿ ಅದನ್ನು ನೋಡಿ ನೋಡಿ ಹೊಟ್ಟೆಕಿಚ್ಚುಪಟ್ಟು, ಹಟ ಹಿಡಿದು, ಒಂದು ದೋಣಿ ತರಿಸಿದರು. ನಾಲ್ವರು ಹುಟ್ಟು ಹಾಕಬೇಕು. ಅವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂಡುತ್ತಾರೆ. ಆದ್ದರಿಂದ ಐದನೆಯವಳು ಹಿಂದುಗಡೆ ಕುಳಿತು, ಎರಡು ಹಗ್ಗದಿಂದ ಚುಕ್ಕಾಣಿ ತಿರುಗಿಸುತ್ತ ದಾರಿ ನೋಡಬೇಕು. ಎಂಥ ಬುದ್ಧಿಗೇಡಿ ಆಟವಪ್ಪಾ ಎಂದುಕೊಂಡಿದ್ದೆ.

ದೋಣಿಯ ಮೇಲೆ ನನಗೆ ಪ್ರೀತಿಗೀತಿ ಏನೂ ಇರಲಿಲ್ಲ. ಆದರೆ ಒಂದು ಕಂಡಿದ್ದೆ. ನೆಲ ನೋಡಿ ಮಾತಾಡುತ್ತಿದ್ದ ಹುಡುಗಿಯರು ನೀರಿನಿಂದ ಮೇಲೆ ಬಂದರೆ, "ಮಾವಶಿ, ಡಬ್ಬಿ ಎಲ್ಲಿಟ್ರಿ? ಭಾಳ ಹಸಿವ್ಯಾಗೇದ!" ಎಂದು ನನಗೇ ಜೋರು ಮಾಡುತ್ತಿದ್ದರು. ಹಸಿವಾಗಿದೆ ಎಂದು ಬಾಯಿಬಿಟ್ಟು ಹೇಳುವ ಹುಡುಗಿಯರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನಾನಂತೂ ಹೇಳಿದವಳಲ್ಲ.

ಆ ವರ್ಷ ಖಂಡೇನವಮಿಯ ಆಯುಧಪೂಜೆಯಲ್ಲಿ ದೋಣಿಗೂ ಪೂಜೆ ಇಟ್ಟರು. ಆಡಳಿತ ಮಂಡಳಿಯ ಸೆಕ್ರೆಟರಿ ದೇಸಾಯರು ಬೆಳಗಾವಿ ಕಡೆಯವರು, ಲಾರಿ ಧಂದೆ. ಹೊಸ ಲಾರಿಗೆ ಕಾಯಿ ಒಡೆದು ಒಡೆದು ರೂಢಿಯಾದ ಕೈ. ಕುಂಕುಮ ಹಚ್ಚಿದರು, ಹಾರ ಹಾಕಿದರು, ದೋಣಿಯ ಮೂತಿಗೇ ಕಾಯಿ ಅಪ್ಪಳಿಸಿದರು. ಲಾರಿಯ ಬಂಪರು ಕಬ್ಬಿಣ, ದೋಣಿಯ ಮೈ ತೆಳು ಹಲಗೆ. ಕಾಯಿ ಒಡೆಯಲಿಲ್ಲ, ದೋಣಿ ಒಡೆಯಿತು.

ಯಾರೋ ಅಪಶಕುನ ಎಂದರು. ದೇಸಾಯರ ಮುಖ ಕಪ್ಪಾಯಿತು. "ದೇವರಿಗೇ ಮನಸಿಲ್ಲ. ಹೆಣ್ಣುಮಕ್ಕಳ ಜೀವದ ಪ್ರಶ್ನಿ ಅದ. ಕ್ಲಬ್ಬು ಬಂದ್ ಮಾಡೋಣ, ದೋಣಿ ಆಚೀ ದಂಡಿ ಶಾಲಿಗೆ ಕೊಡೋಣ" ಎಂದರು.

"ದೇವರೇನ ಮಾಡ್ಯಾನ್ರಿ ಸಾಹೇಬ್ರ? ಕಾಯಿ ನಿಮ್ಮ ಕೈಯಾಗಿತ್ತು" ಎಂದೆ.

"ನೀ ಸುಮ್ನಿರವಾ. ಹೋಗಿ ಕಸಾ ಹೊಡಿ."

"ಹೊಡೀತಿದ್ದೆ ಖರೇ. ಕಾಯಿ ಒಡದೇ ಇಲ್ಲಲ್ರಿ!"

ಹುಡುಗಿಯರು ಕಿಸಕ್ಕೆಂದರು. ವಂದನಾ ನಗಲಿಲ್ಲ. ಗಾಯಕ್ಕೆ ಕೈ ಒತ್ತಿದ ಹಾಗೆ ಸೀಳಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಕುಲಕರ್ಣಿ ಬಾಯಿ ನನ್ನ ಹತ್ತಿರ ಬಂದರು. "ಯಮುನವ್ವಾ, ನನ್ನ ಮಾತು ನಡೀಲಿಲ್ಲ. ನಾಳೆ ದೋಣಿ ಶೆಡ್ಡಿನ ಚಾವಿ ಅವರಿಗೆ ಕೊಟ್ಟುಬಿಡು."

"ನಾಳೆ ದಸರಾ ಅದರಿ. ಹಬ್ಬದ ದಿನ ಮನೀ ಸಾಮಾನು ಯಾರರೆ ಹೊರಗ ಕೊಡ್ತಾರೇನ್ರಿ? ನಾಡಿದ್ದು ಕೊಡ್ತೀನಿ."

ಕುಲಕರ್ಣಿ ಬಾಯಿ ನನ್ನ ಮುಖ ನೋಡಿದರು. "ಹಂಗಾರ ನಾಳೆ ಮುಂಜಾನಿ ಶೆಡ್ಡು ನಿಂದ" ಎಂದಷ್ಟೇ ಹೇಳಿ ಹೋದರು.

ದಸರೆಯ ದಿನ ಊರೆಲ್ಲ ನೋಡುತ್ತಿರುವಾಗ ದೋಣಿ ಸೇತುವೆಯ ತನಕ ಹೋಗಿ ತಿರುಗಿ ಬಂದರೆ, ಅಪಶಕುನ ಎಂದವರ ಬಾಯಿ ಮುಚ್ಚುತ್ತದೆ. ನನ್ನ ಲೆಕ್ಕ ಇಷ್ಟೇ. ಹುಡುಗಿಯರಿಗೆ ಬೆಳಿಗ್ಗೆ ಬರಲು ಹೇಳಿಕಳಿಸಿ, ಶಾಲೆಗೆ ಬೆಂಚು ಮಾಡಿಕೊಡುವ ಬಡಿಗನನ್ನು ಹಿಡಿದೆ. "ಪೂಜಾಕ್ಕ ಇಟ್ಟ ಹತಾರ ಇವತ್ತ ಮುಟ್ಟೂದಿಲ್ಲಬೇ" ಎಂದ. ಅದೂ ನಿಜವೇ. ಖಂಡೇನವಮಿಯ ದಿನ ಉಳಿ ಬಾಚಿಗಳಿಗೂ ರಜೆ. "ಹತಾರ ಮುಟ್ಟಬ್ಯಾಡೋ ಮಾರಾಯಾ. ಅಂಟು ಹಚ್ಚಾಕ ಬಟ್ಟಿ ಮೆತ್ತಾಕ ಕೈ ಸಾಲೂದಿಲ್ಲೇನು?" ಎಂದೆ. ಬೈಯುತ್ತ ಬಂದ, ಸೀಳಿಗೆ ಒಳಗೂ ಹೊರಗೂ ಬಟ್ಟೆ ಮೆತ್ತಿದ. ಅದರ ಮೇಲೆ ಚಿಂದಿಯಿಂದ ವಾರ್ನಿಶ್ ಬಳಿದವಳು ನಾನು. ಆ ವಾಸನೆಯೇ ಇದು.

ಕ್ಲಬ್ಬು ಈಗಲೂ ಇದೆ. ದೇಸಾಯರ ಮೊಮ್ಮಗಳೇ ಅಲ್ಲಿ ಹುಟ್ಟು ಹಾಕುತ್ತಾಳಂತೆ. ವಂದನಾ ಎದ್ದು ಹೊರಡುವಾಗ, ಸಿಕ್ಕಾಗಲೆಲ್ಲ ಕೇಳುವ ಮಾತನ್ನೇ ಕೇಳಿದಳು. "ಖರೇ ಹೇಳ್ರಿ ಮಾವಶಿ, ಆ ದಸರಾ ದಿನ ನಿಮಗ ಅಂಜಿಕಿ ಬಂದಿರಲಿಲ್ಲೇನ್ರಿ?"

ಎಂಥ ಅಂಜಿಕೆ ಎಂದು ಇಷ್ಟು ವರ್ಷ ಹಾರಿಸಿದ್ದೆ. ಈ ಸಲ ಹಾರಿಸಲಿಲ್ಲ. "ಕೈಕಾಲು ಗಡಗಡ ನಡಗತಿದ್ದವು. ಅದನ್ನೂ ಬರಿಯವಾ. ಇಲ್ಲಂದ್ರ ಅಂಜಿಕಿ ಇಲ್ಲದವರಷ್ಟ ದೋಣಿ ಹತ್ತಬೇಕು ಅಂತ ಹುಡುಗ್ಯಾರು ತಿಳ್ಕೋತಾರ" ಎಂದೆ. ಉಳಿದದ್ದನ್ನು ನಾನೇ ಬರೆಯುತ್ತೇನೆ.

ಆ ದಸರೆಯ ದಿನ ಬೆಳಿಗ್ಗೆ ವಂದನಾ ಸೇರಿ ನಾಲ್ವರು ಬಂದರು. ಚುಕ್ಕಾಣಿಯ ಹುಡುಗಿಯನ್ನು ಅವಳ ಅವ್ವ ಕಳಿಸಲಿಲ್ಲ, ಅಪಶಕುನವಂತೆ. ಸೀಮೋಲ್ಲಂಘನವೆಂದು ಊರ ಗಡಿ ದಾಟಲು ಹೊರಟ ಜನ ನದಿಯ ಘಾಟಿನ ಮೆಟ್ಟಿಲುಗಳ ಮೇಲೆ ನಿಂತು ನೋಡುತ್ತಿದ್ದರು. ಅವರಲ್ಲಿ ದೇಸಾಯರೂ ಇದ್ದರು. ನಾನು ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆಗೆ ಕಚ್ಚೆ ಹಾಕಿ, ಆ ಐದನೆಯ ಜಾಗದಲ್ಲಿ ಕುಳಿತೆ. ನನಗೆ ಈಜು ಬರುವುದಿಲ್ಲ. ಹುಡುಗಿಯರ ನಾಲ್ಕೂ ಮುಖ ನನ್ನ ಕಡೆ, ನನ್ನ ಮುಖ ಸೇತುವೆಯ ಕಡೆ. ಎರಡೂ ಹಗ್ಗ ಬಿಗಿಹಿಡಿದು "ಎಳೀರಿ" ಎಂದೆ.